ಮೆತ್ವಲ್ಲಿಯ ಒಗ್ಗರಣೆ, ಬಿಸ್ಯೂನಿಯ ವಾಲ್ವು

ಕೈರೋದ ಶುಬ್ರಾ ಬಡಾವಣೆಯ ಆ ಮೂರಂತಸ್ತಿನ ಕಟ್ಟಡದಲ್ಲಿ ನಿವೃತ್ತ ಟ್ರಾಮ್ ಡ್ರೈವರ್ ಬಿಸ್ಯೂನಿ ಸುಳ್ಳು ಹೇಳುವುದನ್ನು ಬಿಟ್ಟು ಆರು ತಿಂಗಳಾಗಿತ್ತು. ಬಿಟ್ಟದ್ದಲ್ಲ, ಬಿಡಿಸಿದ್ದು. ಆಸ್ಪತ್ರೆಯಲ್ಲಿ ಅವನ ಎದೆ ಬಿಚ್ಚಿ, ಕೆಟ್ಟುಹೋದ ಕವಾಟ ತೆಗೆದು, ಹೊಚ್ಚ ಹೊಸ ಕೃತಕ ವಾಲ್ವು ಕೂರಿಸಿ ಕಳಿಸಿದ್ದರು. ಅದು ಟಕ್ ಟಕ್ ಎನ್ನುತ್ತಿತ್ತು. ಬಾಯಿ ಮುಚ್ಚಿದ್ದರೆ ಸಣ್ಣಗೆ, ತೆರೆದರೆ ಗೋಡೆ ಗಡಿಯಾರದ ಹಾಗೆ. ಸುಳ್ಳಿಗೆ ಹೊರಟರಂತೂ ಟೈಪ್‌ರೈಟರ್. ಹೆಂಡತಿ ಇನ್‌ಶಿರಾಹ್ ಈರುಳ್ಳಿ ಹೆಚ್ಚುತ್ತಲೇ, "ಮತ್ತೆ ಕಾಫಿ ಅಂಗಡಿಗೆ ಹೋಗಿದ್ಯಾ?" ಎಂದು ಕೇಳಿ, ಉತ್ತರವನ್ನು ಅವನ ಬಾಯಿಯಿಂದಲ್ಲ, ಎದೆಯಿಂದಲೇ ಪಡೆಯುತ್ತಿದ್ದಳು.

ವಾಲ್ವಿನ ಜೊತೆಗೆ ರಕ್ತ ತೆಳ್ಳಗಾಗುವ ಮಾತ್ರೆ. ಮಾತ್ರೆಯ ಜೊತೆಗೆ ಡಾಕ್ಟರ ಎಚ್ಚರಿಕೆ: ಸೊಪ್ಪು ತಿನ್ನುವಾಗ ಹುಷಾರು. ಇನ್‌ಶಿರಾಹಳ ಪ್ರಕಾರ ಹುಷಾರು ಎಂದರೆ ಬಂದ್. ಅಂದಿನಿಂದ ಮನೆಯಲ್ಲಿ ಮುಲೂಖಿಯಾ ಸೊಪ್ಪಿನ ಸಾರು ನಿಂತೇಹೋಯಿತು.

ನಿಜ ಹೇಳಬೇಕೆಂದರೆ, ಆ ಆಪರೇಷನ್ನಿನಿಂದ ಬಿಸ್ಯೂನಿಗಾದ ದೊಡ್ಡ ಲಾಭವೇ ಅದು. ಅವಳ ಮುಲೂಖಿಯಾ ಟ್ರಾಮಿನ ಚಕ್ರಕ್ಕೆ ಹಚ್ಚುವ ಗ್ರೀಸಿನ ತಂಗಿ. ಬೆಳ್ಳುಳ್ಳಿ ಒಗ್ಗರಣೆ ಸುರಿಯುವ ಗಳಿಗೆಯಲ್ಲಿ ಅಡುಗೆಯವರು ಬೆಚ್ಚಿಬಿದ್ದವರಂತೆ "ಹ್ಹಾ!" ಎಂದು ಉಸಿರೆಳೆದುಕೊಳ್ಳದಿದ್ದರೆ ಮುಲೂಖಿಯಾಕ್ಕೆ ರುಚಿ ಹತ್ತುವುದಿಲ್ಲ ಎಂಬುದು ಶುಬ್ರಾದ ಕೂಸಿಗೂ ಗೊತ್ತು. ಇನ್‌ಶಿರಾಹ್ ಮಾತ್ರ, "ಸಾರು ನೋಡಿ ಹೆದರ್ಕೊಳ್ಳೋಕೆ ನನಗೇನು ಹುಚ್ಚಾ?" ಎನ್ನುವವಳು.

ಕೆಳಗೆ ಇಸ್ತ್ರಿ ಅಂಗಡಿ ಇಟ್ಟಿದ್ದ ಮೆತ್ವಲ್ಲಿಯದು ಬೇರೆಯೇ ಲೆಕ್ಕ. ಗುರುವಾರ ಬಂತೆಂದರೆ ಅಂಗಡಿಯ ಹಿಂದಿನ ಒಲೆಯ ಮೇಲೆ ಮೊಲದ ಮಾಂಸದ ರಸದಲ್ಲಿ ಮುಲೂಖಿಯಾ ಕುದಿಸುತ್ತಿದ್ದ. ಅದರ ಘಮ ಮೆಟ್ಟಿಲು ಹತ್ತಿ ಬಂದು ಬಿಸ್ಯೂನಿಯ ಬಾಗಿಲು ಬಡಿಯುತ್ತಿತ್ತು. ಆರು ತಿಂಗಳು ಹಲ್ಲು ಕಚ್ಚಿ ತಡೆದ. ಈ ಗುರುವಾರ ಬೆಳಿಗ್ಗೆ ಪರೀಕ್ಷೆಗೆ ರಕ್ತ ಕೊಟ್ಟು, ಆರು ತಿಂಗಳಿಂದ ಸೊಪ್ಪಿನ ಮುಖ ಕಂಡಿಲ್ಲ ಎಂದು ನರ್ಸ್ ಹತ್ತಿರ ಗೋಳಾಡಿ ಬಂದವನಿಗೆ ಇನ್ನು ಆಗಲಿಲ್ಲ. ಇನ್‌ಶಿರಾಹ್ ಬಚ್ಚಲಿಗೆ ಹೋದದ್ದೇ ತಡ, ಚಪ್ಪಲಿ ಕೈಯಲ್ಲಿ ಹಿಡಿದು ಕೆಳಗಿಳಿದ.

"ಒಂದೇ ಒಂದು ತಟ್ಟೆ ಕೊಡು, ಮೆತ್ವಲ್ಲಿ. ಸಾಯೋದ್ರೊಳಗೆ ಒಂದು ತಟ್ಟೆ."

"ನಿನ್ನ ಹೆಂಡ್ತಿಗೆ ಗೊತ್ತಾದ್ರೆ ಸಾಯೋನು ನಾನು."

"ಗೊತ್ತಾಗಲ್ಲ. ನೀನು ಆ ಉಸಿರೊಂದು ಮೆಲ್ಲಗೆ ಎಳಿ, ಮಾರಾಯ."

"ಮೆಲ್ಲಗಾ? ನಾನು ಅಡುಗೆ ಮಾಡ್ತಿದ್ದೀನೋ, ಕಳ್ಳತನ ಮಾಡ್ತಿದ್ದೀನೋ?" ಎಂದ ಮೆತ್ವಲ್ಲಿ ಒಗ್ಗರಣೆಯನ್ನು ಚುಂಯ್ ಎಂದು ಸುರಿದು, ಸತ್ತ ಮಾವ ಎದುರಿಗೆ ಬಂದು ನಿಂತಂತೆ "ಹ್ಹಾ...!" ಎಂದ. ಓಣಿಯ ಪಾರಿವಾಳಗಳೆಲ್ಲ ಎದ್ದುಹೋದವು.

ಬಿಸ್ಯೂನಿ ಚಮಚ ಎತ್ತಿದ್ದನಷ್ಟೆ, ಮೆಟ್ಟಿಲ ಮೇಲೆ ಇನ್‌ಶಿರಾಹಳ ಚಪ್ಪಲಿ ಸದ್ದು ಕೇಳಿಸಿತು. ಚಮಚ ಬಿಸಾಕಿ ಗಿರಾಕಿಗಳ ಬಟ್ಟೆ ನೇತುಹಾಕುವ ಬೀರುವಿಗೆ ನುಗ್ಗಿ, ಯಾರದೋ ಮದುವೆ ಸೂಟಿನ ಹಿಂದೆ ಅಡಗಿದ.

"ಆಯ್ತಾ ಮೆತ್ವಲ್ಲಿ?" ಎಂದಳು ಒದ್ದೆ ಕೂದಲಿಗೆ ವಸ್ತ್ರ ಸುತ್ತಿಕೊಂಡು ಬಂದ ಇನ್‌ಶಿರಾಹ್. "ನಿನ್ನ ಉಸಿರು ಬಚ್ಚಲಿಗೇ ಕೇಳಿಸ್ತು. ನನ್ನ ಪಾಲು ಬೇಗ ಹಾಕು. ನಮ್ಮ ಮುದುಕ ಎಲ್ಲಿಗೋ ಹೋಗಿದಾನೆ, ಬರೋದ್ರೊಳಗೆ ತಿಂದು ಮುಗಿಸ್ತೀನಿ. ಹೋದ ಗುರುವಾರದ ಹಾಗೆ ನಿಂಬೆಹಣ್ಣು ಮರೀಬೇಡ."

ಹೋದ ಗುರುವಾರ! ಬೀರುವಿನೊಳಗೆ ವಾಲ್ವು ಇಳಿಜಾರಿನಲ್ಲಿ ಬ್ರೇಕ್ ತಪ್ಪಿದ ಟ್ರಾಮಿನಂತೆ ಓಡತೊಡಗಿತು.

"ಏನದು ಟಕಟಕ?"

"ಗಡಿಯಾರ ಕಣಮ್ಮಾ," ಎಂದ ಮೆತ್ವಲ್ಲಿ, ಸಾರಿನ ತಟ್ಟೆಯನ್ನು ಅವಳ ಕೈಗಿಡುತ್ತ.

"ನಿನ್ನ ಗಡಿಯಾರ ನಿಂತು ವರ್ಷ ಆಯ್ತಲ್ಲೋ!"

ಅಷ್ಟರಲ್ಲಿ ಇಸ್ತ್ರಿಯಾದ ಪ್ಯಾಂಟು ಒಯ್ಯಲು ಪಕ್ಕದ ಮನೆಯ ಪ್ಲಂಬರ್ ಗಿರ್ಗಿಸ್ ಬಂದ. ಯಾರೂ ಕೇಳದಿದ್ದರೂ ಗೋಡೆಗೆ ಕಿವಿ ಹಚ್ಚಿದ. "ಪೈಪು ಇದು. ಎಲ್ಲೋ ವಾಲ್ವು ಸಡಿಲ ಆಗಿದೆ. ನನ್ನ ಕಿವಿ ತಪ್ಪೋದಿಲ್ಲ" ಎನ್ನುತ್ತ ಸ್ಪ್ಯಾನರ್ ಹಿಡಿದು ಸದ್ದಿನ ಜಾಡಿನಲ್ಲೇ ನಡೆದು ಬೀರುವಿನ ಬಾಗಿಲು ಎಳೆದ. ಒಳಗೆ ಮದುವೆ ಸೂಟಿನ ತೋಳು ಕೊರಳಿಗೆ ಸುತ್ತಿಕೊಂಡ ಬಿಸ್ಯೂನಿ, ಬಾಯಿ ತೆರೆದುಕೊಂಡು, ಟಕಟಕ ಎನ್ನುತ್ತ ನಿಂತಿದ್ದ.

"ನಾನು ಹೇಳಲಿಲ್ವಾ, ವಾಲ್ವು ಅಂತ?" ಎಂದ ಗಿರ್ಗಿಸ್.

"ಬಿಸ್ಯೂನಿ! ನನ್ನ ಬೆನ್ನ ಹಿಂದೆ ಸೊಪ್ಪು ತಿನ್ನೋಕೆ ಬಂದ್ಯಾ?"

"ನಿನ್ನ ಕೈಯಲ್ಲಿರೋದೇನು, ಕಷಾಯಾನಾ?"

"ನಂದು ಹುಟ್ಟುವಾಗ ಕೊಟ್ಟ ಹೃದಯ ಕಣಯ್ಯಾ. ನಾನು ಏನಾದ್ರೂ ತಿಂತೀನಿ!"

ಆದರೂ ಅವಳು ತಟ್ಟೆಯನ್ನು ಬೆನ್ನ ಹಿಂದೆ ಸರಿಸಿದಳು. ಮದುವೆಯಾದಾಗಿನಿಂದ ಮೊದಲ ಸಲ ನ್ಯಾಯ ತನ್ನ ಕಡೆಗಿದೆ ಎಂದು ಬಿಸ್ಯೂನಿ ಎದೆಯುಬ್ಬಿಸಿದ. ಅದೇ ಹೊತ್ತಿಗೆ ಅವಳ ಫೋನ್ ಬಡಿದುಕೊಂಡಿತು. ಡಾಕ್ಟರು. ಅವರ ದನಿ ಅಂಗಡಿಗೆಲ್ಲ ಕೇಳುವಂತಿತ್ತು.

"ಸೊಪ್ಪು ಪೂರ್ತಿ ನಿಲ್ಸಿ ಅಂತ ಹೇಳಿದೋರು ಯಾರಮ್ಮಾ? ರಕ್ತ ನೀರಿನ ಹಾಗೆ ಆಗಿದೆ. ಮಾತ್ರೆ ನಾನು ಕಡಿಮೆ ಮಾಡ್ತೀನಿ. ಆದ್ರೆ ದಿನಾ ಸೊಪ್ಪು ತಿನ್ಲೇಬೇಕು. ಒಂದೇ ಅಳತೆ, ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಜೀವ ಇರೋತನಕ."

ಬಿಸ್ಯೂನಿ ಮದುವೆ ಸೂಟಿನ ಸಮೇತ ಕುಣಿದ. "ಕೇಳಿದ್ಯಾ ಮೆತ್ವಲ್ಲಿ? ದಿನಾ!"

"ಗುರುವಾರ ಬಿಟ್ರೆ ನಾನು ಒಲೆ ಹಚ್ಚಲ್ಲಪ್ಪ."

"ಅವನ್ಯಾಕೆ ಮಾಡ್ಬೇಕು?" ಇನ್‌ಶಿರಾಹಳ ಕಣ್ಣು ತುಂಬಿ ಬಂದಿತ್ತು. "ನಿನ್ನ ಜೀವ ತೆಗೀತಿದ್ದೆನಲ್ಲೋ ನಾನು! ಇವತ್ತಿಂದ ನಾನೇ ಮಾಡ್ತೀನಿ. ಗುರುವಾರಾನೂ ನಂದೇ. ಒಂದೇ ಅಳತೆ, ಒಂದೇ ಕೈ."

ಬಿಸ್ಯೂನಿಯ ವಾಲ್ವು ಒಂದು ಟಕ್ ನುಂಗಿಕೊಂಡಿತು.

ಸಂಜೆ ಮೂರನೇ ಅಂತಸ್ತಿನ ಬಿಸ್ಯೂನಿಯ ಮನೆಯಿಂದ ಬೆಳ್ಳುಳ್ಳಿಯ ವಾಸನೆ ಬಂತು. ಒಗ್ಗರಣೆ ಚುಂಯ್ ಎಂದಿತು. ಸ್ವಲ್ಪ ಹೊತ್ತಾದ ಮೇಲೆ ಇಡೀ ಓಣಿಗೆ ಕೇಳುವಂತೆ, "ಹ್ಹಾ...!"

"ಸದ್ಯ," ಎಂದ ಗಿರ್ಗಿಸ್, "ಇನ್‌ಶಿರಾಹ್ ಕೊನೆಗೂ ಉಸಿರು ಎಳೆಯೋದು ಕಲಿತ್ಳು."

ಮೆತ್ವಲ್ಲಿ ಇಸ್ತ್ರಿಪೆಟ್ಟಿಗೆಯಿಂದ ತಲೆಯೆತ್ತಲೂ ಇಲ್ಲ.

"ಅದು ಅವಳಲ್ಲಪ್ಪ, ಬಿಸ್ಯೂನಿ. ಮೊದಲನೇ ಚಮಚ."