ಗೋಣಿಯಲ್ಲಿ ಬಂದ ಭೂಗತ ಗಾಯಕ

ಪತ್ರಿಕೆಯಲ್ಲಿ ಬಹಳ ವರ್ಷ ದುಡಿದವನಿಗೆ ಸಿಟ್ಟು ಕೂಡ ನೆಟ್ಟಗೆ ಬರುವುದಿಲ್ಲ. ಬಂದರೂ ಎರಡೂ ಕಡೆಯವರ ಹೇಳಿಕೆ ಪಡೆದ ಮೇಲೆಯೇ ಬರುತ್ತದೆ. ಸಾರು ಸಪ್ಪಗಾದ ದಿನ ನಾನು ‘ಉಪ್ಪು ಬಿದ್ದಂತೆ ಕಾಣುವುದಿಲ್ಲ’ ಎನ್ನುತ್ತೇನೆಯೇ ಹೊರತು ‘ಬಿದ್ದಿಲ್ಲ’ ಎನ್ನುವುದಿಲ್ಲ. ಹಾಕಬೇಕಾದವಳ ಪ್ರತಿಕ್ರಿಯೆ ಆಗಿನ್ನೂ ಸಿಕ್ಕಿರುವುದಿಲ್ಲ. ಯಾದಗಿರಿಯ ನಮ್ಮ ಸಣ್ಣ ಕಚೇರಿಯಲ್ಲಿ, ಬಂದ ಸುದ್ದಿಯ ಕೊಬ್ಬು ಇಳಿಸಿ, ಕಾಗುಣಿತ ತಿದ್ದಿ, ಪುಟಕ್ಕೆ ಕೂರಿಸುವುದು ನನ್ನ ಕೆಲಸ. ಇಂಥ ತಣ್ಣನೆಯ ಮನುಷ್ಯನ ಮೈ ಉರಿಯುವಂತೆ ಮಾಡಿದ್ದು ಒಂದು ರ‍್ಯಾಪ್ ಆಲ್ಬಂ.

ತಂದವನು ಸುರಪುರದ ಮಲ್ಲಣ್ಣ. ಸುಟ್ಟ ಮೋಟರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ಹಾಡುವಾಗ ಅವನ ಹೆಸರು ‘ದಬ್ಬಣ’. ಶಹಾಪುರ, ಯಾದಗಿರಿಯ ಮೂವರು ಗೆಳೆಯರನ್ನು ಕೂಡಿಸಿಕೊಂಡು ಆಲ್ಬಂ ಮಾಡಿದ್ದ. ಮೇಜಿನ ಮೇಲೆ ಅಂಗೈಯಗಲದ ಒಂದು ಗೋಣಿಚೀಲ ಇಟ್ಟು, ನಿಂತುಕೊಂಡೇ ಹೇಳಿದ: “ಸರ, ನನ್ನ ಲಗ್ನದ ಮಾತು ನಡದದರಿ. ಗುರುಮಠಕಲ್ ಹುಡುಗಿ. ಅಕಿಗೆ ನನ್ನ ಹಾಡು ಪಸಂದ್ ಅದಾವ. ಅವರಪ್ಪಗ ರ‍್ಯಾಪ್ ಅಂದ್ರೇನಂತ ತಿಳಿವಲ್ದು. ಕಿರಾಣಿ ಅಂಗಡಿ ಚನ್ನಬಸಪ್ಪ ಅಂತ. ಪೇಪರ್‌ನ್ಯಾಗ ಬಂದದ್ದಷ್ಟ ಖರೇ ಅಂತಾರ. ನೀವು ನಾಲ್ಕು ಚಲೋ ಮಾತು ಬರದ್ರ ನನ್ನ ಲಗ್ನ ಆತು ನೋಡ್ರಿ.”

ವಿಮರ್ಶೆಗೂ ವರದಕ್ಷಿಣೆಗೂ ಸಂಬಂಧವಿಲ್ಲವೆಂದು ತಿಳಿಸಿ ಚೀಲವನ್ನು ಮನೆಗೆ ತಂದೆ. ಮೊದಲ ಸಿಟ್ಟು ಬಂದದ್ದು ಅಲ್ಲಿ. ಆಲ್ಬಂನ ಹೆಸರು ‘ಖುಲ್ಲಾ ಮಾತು’. ಖುಲ್ಲಾ ಎಂದರೆ ತೆರೆದದ್ದು. ಆ ಖುಲ್ಲಾ ಮಾತನ್ನು ತೊಗರಿ ಚೀಲ ಹೊಲಿಯುವ ದಬ್ಬಣದಿಂದಲೇ ನಾಲ್ಕೂ ಕಡೆ ಹೊಲಿದು ಬಾಯಿ ಮುಚ್ಚಿದ್ದರು. ಕತ್ತರಿಗೆ ಬಗ್ಗಲಿಲ್ಲ, ಈಳಿಗೆಗೆ ಹಿಡಿದಾಗ ನನ್ನ ಹೆಬ್ಬೆರಳೂ ಸ್ವಲ್ಪ ಖುಲ್ಲಾ ಆಯಿತು. ಒಳಗೆ ಒಂದು ಪೆನ್‌ಡ್ರೈವ್, ಒಂದು ಮಡಿಸಿದ ಹಾಳೆ, ಮತ್ತು ಶಾಸ್ತ್ರಕ್ಕೆಂಬಂತೆ ಹತ್ತಾರು ತೊಗರಿ ಕಾಳು. ಹಾಳೆಯ ಮೇಲೆ ನಾಲ್ವರ ಫೋಟೊ. ಎಲ್ಲರೂ ಟವೆಲ್‌ನಿಂದ ಮುಖ ಕಟ್ಟಿಕೊಂಡು, ಕಲ್ಲುಬಂಡೆಯ ಮೇಲೆ ಏನೋ ಕಳೆದುಕೊಂಡವರಂತೆ ನೆಲ ನೋಡುತ್ತಿದ್ದರು. ಹಾಡಿನ ಸಾಲುಗಳನ್ನು ಕಪ್ಪು ಕಾಗದದ ಮೇಲೆ ಕಡುಗೆಂಪಿನಲ್ಲಿ ಅಚ್ಚು ಹಾಕಿಸಿದ್ದರು. ಓದಬಾರದೆಂಬ ಉದ್ದೇಶವಿದ್ದರೆ ಅಚ್ಚೇ ಹಾಕಿಸದೆ ಖರ್ಚು ಉಳಿಸಬಹುದಿತ್ತು.

ಸಂಗೀತದ ಬಗ್ಗೆ ನ್ಯಾಯವಾಗಿ ಹೇಳಬೇಕು. ಮೊದಲ ಹಾಡಿನಲ್ಲಿ ಅರ್ಧದವರೆಗೆ ತನ್ನ ಹೆಸರು, ತನ್ನೂರಿನ ಹೆಸರು ಬಿಟ್ಟರೆ ಬೇರೆ ಮಾಹಿತಿ ಇಲ್ಲ. ಇದನ್ನು ನಾವು ಸುದ್ದಿಯಲ್ಲ, ವಿಳಾಸ ಎನ್ನುತ್ತೇವೆ. ನಾದ ಎಷ್ಟು ಭಾರವೆಂದರೆ ಅಡುಗೆಮನೆಯ ತಾಟುಗಳು ಸ್ಟ್ಯಾಂಡಿನಲ್ಲಿ ನಡುಗಿದವು. ಪಕ್ಕದ ಮನೆಯವರು ಬಂದು ಬೋರ್‌ವೆಲ್ ಹಾಕಿಸುತ್ತಿದ್ದೀರಾ, ಎಷ್ಟು ಅಡಿಗೆ ನೀರು ಬಿತ್ತು ಎಂದು ವಿಚಾರಿಸಿದರು. ಮೂರನೆಯ ಹಾಡಿನಲ್ಲಿ ಮಾತಿಗೊಮ್ಮೆ ‘ಮಗಾ, ಮಗಾ’. ಸುರಪುರದಲ್ಲಿ ಯಾರು ಯಾರಿಗೆ ಮಗಾ ಅನ್ನುತ್ತಾರೆ? ಇಲ್ಲಿ ಆ ಮಾತನ್ನು ಒಂಟಿಯಾಗಿ ಬಿಡುವುದಿಲ್ಲ, ಹಿಂದೆ ಒಂದು ವಿಶೇಷಣ ಸೇರಿಸಿ ಜಗಳಕ್ಕೆ ಬಳಸುತ್ತೇವೆ. ಬಾಯಲ್ಲಿ ಇಷ್ಟು ಗಟ್ಟಿ ಭಾಷೆ ಇಟ್ಟುಕೊಂಡು ಬೆಂಗಳೂರಿನಿಂದ ಸಾಲ ತರುವುದೇಕೆಂದು ನನಗೆ ನಿಜಕ್ಕೂ ಕೋಪ ಬಂತು.

ಐದನೆಯ ಹಾಡು ಬಂದಾಗ ಪೆನ್ನು ಕೆಳಗಿಟ್ಟೆ. ಹಿಂದೆ ಬರೀ ಹಲಗಿ ಬಡಿಯುವ ಸದ್ದು, ಮೇಲೆ ಮಲ್ಲಣ್ಣನ ಒಣ ದನಿ: “ಕೇಳ್ರಿ ಸಾಹೇಬ್ರ, ಕುರ್ಚಿ ನಿಮ್ದಲ್ರಿ, ಕುಂತೀರಿ ಕುಂಡ್ರಿ, ಕಾಯಂ ಅಲ್ರಿ.” ಹಾಡಿನ ತುಂಬ ಬೈಗುಳ, ಆದರೆ ಒಂದೊಂದು ಬೈಗುಳದ ತುದಿಗೂ ‘ರಿ’. ತೆಗಳುವಾಗಲೂ ಬಹುವಚನ ಬಿಡದ ನಮ್ಮ ಸೀಮೆಯ ನಡತೆಯನ್ನು ಅವನು ತಾಳಕ್ಕೆ ಕೂರಿಸಿದ್ದ. ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದು ನಿಂತು, “ಇದ್ಯಾರ್ರಿ ಇಷ್ಟು ಚಂದ ಬೈಯಾಕತ್ತಾರ?” ಎಂದಳು.

ಬರೆಯಲು ಕುಳಿತೆ. ಹಾಳೆಯಲ್ಲಿ ತಾವು ‘ಅಂಡರ್‌ಗ್ರೌಂಡ್’ ಕಲಾವಿದರೆಂದು ಹೇಳಿಕೊಂಡಿದ್ದರು. ಕಂಪನಿ, ಜಾಹೀರಾತು ಇಲ್ಲದೆ ತಮ್ಮಷ್ಟಕ್ಕೆ ಹಾಡುವವರು ಎಂದು ಅರ್ಥ. ಇದಕ್ಕೆ ಕನ್ನಡದಲ್ಲಿ ಏನೆನ್ನಬಹುದೆಂದು ಹೆಂಡತಿಯನ್ನು ಕೇಳಿದರೆ, “ಅಂಡರ್‌ಗ್ರೌಂಡ್ ಅಂದ್ರ ನಮ್ಮ ಓಣ್ಯಾಗ ಅಗದು ಹಂಗ ಬಿಟ್ಟು ಹೋಗ್ಯಾರಲ್ರಿ, ಅದ ಏನು?” ಎಂದಳು. ಒಬ್ಬ ಕಲಾವಿದನನ್ನು ಒಳಚರಂಡಿಗೆ ಇಳಿಸಲು ನನಗೆ ಮನಸ್ಸಾಗಲಿಲ್ಲ. ಪತ್ರಿಕೆಗೆ ಒಪ್ಪುವ ಪದ ಬೇಕೆಂದು ಯೋಚಿಸಿ, ಗಾಂಭೀರ್ಯವಿರುವ ಒಂದನ್ನು ಆರಿಸಿ, ಶೀರ್ಷಿಕೆಯನ್ನೂ ನಾನೇ ಕೊಟ್ಟೆ: ‘ಸುರಪುರದ ಭೂಗತ ಗಾಯಕನ ಖುಲ್ಲಾ ಮಾತು’. ಐದನೆಯ ಹಾಡಿನ ಹೊಗಳಿಕೆ ಕೊನೆಯ ಪ್ಯಾರಾದಲ್ಲಿತ್ತು. ಶೀರ್ಷಿಕೆಯ ಪಕ್ಕದಲ್ಲಿ ಮುಖ ಕಟ್ಟಿಕೊಂಡ ನಾಲ್ವರ ಫೋಟೊ.

ಅದು ಅಚ್ಚಾದ ಬೆಳಿಗ್ಗೆ ಗುರುಮಠಕಲ್‌ನಿಂದ ಫೋನು. ಚನ್ನಬಸಪ್ಪನವರದು. ದನಿ ತಗ್ಗಿಸಿ ಕೇಳಿದರು: “ಸರ, ಈ ಮಲ್ಲಣ್ಣನ ಗ್ಯಾಂಗಿನ್ಯಾಗ ಎಷ್ಟು ಮಂದಿ ಅದಾರ್ರಿ?”

“ನಾಲ್ಕು ಮಂದಿ.”

“ಮಾರಿ ಯಾಕ ಕಟ್ಟಿಕೊಂಡಾರ?”

“ಗುರುತು ಸಿಗಬಾರದು ಅಂತ ಇರಬೇಕ್ರಿ.”

“ಇವರ ಕಾರಭಾರ ಎಲ್ಲೆಲ್ಲಿ ನಡದದ?”

“ಯಾದಗಿರಿ, ಶಹಾಪುರ, ಸುರಪುರ. ಇನ್ನ ನಿಮ್ಮ ಕಡಿಗೂ ಬರವರಿದ್ದಾರ.”

ಫೋನು ಕಟ್ಟಾಯಿತು. ಕೇಳಿದ ಪ್ರಶ್ನೆಗಳಿಗೆಲ್ಲ ನಿಖರ ಉತ್ತರ ಕೊಟ್ಟ ತೃಪ್ತಿಯಲ್ಲಿ ನಾನು ಚಹಾ ಕುಡಿದೆ. ಮಧ್ಯಾಹ್ನ ಮಲ್ಲಣ್ಣ ಬಂದ. ಈ ಸಲವೂ ಕೂರಲಿಲ್ಲ. “ಸರ, ಸಂಬಂಧ ಬ್ಯಾಡ ಅಂದಾರ. ಡಾನ್‌ಗೆ ಹೆಣ್ಣು ಕೊಡಂಗಿಲ್ಲಂತ. ಮೋಟರ್ ರಿಪೇರಿ ಬರೇ ತೋರಿಕಿಗೇನು ಅಂತ ಕೇಳ್ಯಾರ.”

ಭೂಗತ ಪಾತಕಿ, ಭೂಗತ ಲೋಕ ಎಂದು ದಿನವೂ ಪುಟ ತುಂಬಿಸಿ ಆ ಪದಕ್ಕೆ ಪಿಸ್ತೂಲು ಕೊಟ್ಟವರು ನಾವೇ ಎಂಬುದು ನನಗೆ ಆಗಷ್ಟೇ ಹೊಳೆಯಿತು. ಆದರೂ ಸಿಟ್ಟು ಓದುಗರ ಮೇಲೇ ಬಂತು. ಪದದ ಮೂಲಾರ್ಥ ನೋಡದವರು, ಕೊನೆಯ ಪ್ಯಾರಾವರೆಗೆ ಓದದವರು ಪತ್ರಿಕೆಯನ್ನು ಕೊಳ್ಳುವುದಾದರೂ ಯಾಕೆ? ನಾಳೆಯೇ ತಿದ್ದುಪಡಿ ಹಾಕುತ್ತೇನೆಂದೆ. “ನನ್ನ ಮಾರಿ ಕಾಣೋ ಫೋಟೊ ಹಾಕ್ರಿ ಸರ, ಅಷ್ಟರ ಆಗಲಿ,” ಎಂದು ಪಾಸ್‌ಪೋರ್ಟ್ ಅಳತೆಯದೊಂದು ಕೊಟ್ಟು ಹೋದ.

ತಿದ್ದುಪಡಿಗಳ ಮೇಲೆ ‘ವಿಷಾದ’ ಎಂದು ಹಾಕುವುದು ನಮ್ಮ ರೂಢಿ. ಕೆಳಗೆ ಹೀಗೆ ಬರೆದೆ: ‘ಸುರಪುರದ ಮಲ್ಲಣ್ಣ ಅವರು ಭೂಗತ ಗಾಯಕರಲ್ಲ. ನೆಲದಡಿಯ ಗಾಯಕರು ಎಂದು ಓದಿಕೊಳ್ಳಬೇಕು.’ ಅಂದು ಜಾಗ ಇದ್ದದ್ದು ನಿಧನ ವಾರ್ತೆಯ ಕಾಲಂನಲ್ಲಿ ಮಾತ್ರ. ಅಲ್ಲೇ ಕೂತಿತು. ಎರಡು ನಿಧನಗಳ ಕೆಳಗೆ ಮಲ್ಲಣ್ಣನ ಫೋಟೊ, ಅದರ ಮೇಲೆ ‘ವಿಷಾದ’, ಅದರ ಕೆಳಗೆ ‘ನೆಲದಡಿ’.

ಸತ್ತವರನ್ನು ಹೂಳುವ ಮನೆತನಗಳು ನಮ್ಮಲ್ಲಿ ಹೆಚ್ಚು. ಅಂತ್ಯಕ್ರಿಯೆಗೆ ನಾವು ಮಣ್ಣು ಎನ್ನುತ್ತೇವೆ. ಜಗಳವಾಡಿ ಮಾತು ಬಿಟ್ಟವರೂ ಮಣ್ಣಿಗೆ ಮಾತ್ರ ತಪ್ಪಿಸುವುದಿಲ್ಲ. ಮರುದಿನ ಪತ್ರಿಕೆ ನೋಡಿ ಚನ್ನಬಸಪ್ಪ ಹಾರ ಹಿಡಿದು, ಮನೆಮಂದಿಯನ್ನೆಲ್ಲ ಜೀಪಿಗೆ ಹತ್ತಿಸಿ ಸುರಪುರಕ್ಕೆ ಹೊರಟರಂತೆ. ಹುಡುಗಿ ದಾರಿಯುದ್ದಕ್ಕೂ ಅತ್ತಳಂತೆ. ಜೀಪು ಅಂಗಡಿಯ ಮುಂದೆ ನಿಂತಾಗ ಮಲ್ಲಣ್ಣ ತಂತಿ ಸುತ್ತುತ್ತ ಕೂತಿದ್ದ. ಮುಂದಿನದನ್ನು ಅವನೇ ಫೋನಿನಲ್ಲಿ ಹೇಳಿದ:

“ಮಾವನೋರು ನನ್ನ ಮುಟ್ಟಿ ನೋಡಿದ್ರು ಸರ. ಮಗಳು ಅತ್ತದ್ದು ಕಂಡು ಮೊದಲ ಮೆತ್ತಗಾಗಿದ್ರು, ನಾನು ಜೀವಂತ ಇದ್ದದ್ದು ನೋಡಿ ಮತ್ತ ಸಿಟ್ಟಾಗಾಕ ಆಗ್ಲಿಲ್ಲ. ಚಾ ಕುಡದ್ರು. ಐದನೇ ಹಾಡು ಕೇಳಿಸಿದೆ. ಬೈದ್ರೂ ಮರ್ಯಾದಿಲೆ ಬೈತಾನ, ಮಗಳಿಗೂ ರೀ ಅಂತಾನ ತಗೋ ಅಂದ್ರು. ಲಗ್ನ ಗಟ್ಟಿ ಆತು.”

“ಹಾರ ಏನು ಮಾಡಿದ್ರಿ?” ಸುದ್ದಿಯಲ್ಲಿ ಬಿಟ್ಟುಹೋದ ವಿವರ ಕೇಳುವುದು ನನ್ನ ಚಾಳಿ.

“ಮೋಟರಿಗೆ ಹಾಕಿದೇವ್ರಿ.” ಮಲ್ಲಣ್ಣ ಮುಂದುವರಿಸಿದ: “ಸರ, ಲಗ್ನಕ್ಕ ನೀವು ತಪ್ಪದ ಬರಬೇಕು. ಮಾವನೋರೂ ಹೇಳ್ಯಾರ. ಬರ್ರಿ, ಊಟ ಮಾಡ್ರಿ. ಬರಿಯಾಕ ಮಾತ್ರ ಹೋಗಬ್ಯಾಡ್ರಿ.”

ಒಬ್ಬ ಪತ್ರಕರ್ತನಿಗೆ ಇದಕ್ಕಿಂತ ದೊಡ್ಡ ಅವಮಾನ ಇರಲಾರದು. ನನ್ನೆರಡು ಬರಹಗಳಿಲ್ಲದಿದ್ದರೆ ಆ ಜೀಪು ಹೊರಡುತ್ತಿತ್ತೇ? ಈ ಪ್ರಶ್ನೆಯನ್ನು ಸಾರ್ವಜನಿಕರ ಮುಂದಿಡದೆ ಇರಲಾಗದೆ ಇಷ್ಟೆಲ್ಲ ಬರೆದಿದ್ದೇನೆ. ಲಗ್ನಕ್ಕೆ ಇನ್ನೂ ಒಂದು ವಾರವಿದೆ. ಅಲ್ಲಿಯವರೆಗೆ ಇದು ಗುರುಮಠಕಲ್ ತಲುಪದಂತೆ ಪತ್ರಿಕೆಯ ಏಜೆಂಟರಿಗೆ ಒಂದು ಮಾತು ಹೇಳಿಟ್ಟಿದ್ದೇನೆ.