ಬೆನ್ನಿಗೆ ಕೆಂಪು ಬಣ್ಣ ಬಿದ್ದ ಸಾವುಕಾರರಿಗೆ

ಕೆಂಭಾವಿಯ ಬೀಜದಂಗಡಿಯ ಗಲ್ಲೆಯ ಮೇಲೆ ಐದು ವರ್ಷಗಳಿಂದ ವಿರಾಜಮಾನರಾಗಿರುವ, ಬೂದು ಮೈಯ, ಬಿಳಿ ಮೀಸೆಯ ಬೆಕ್ಕು ಸಾವುಕಾರ ಸಾಹೇಬರಿಗೆ, ಅದೇ ಅಂಗಡಿಗೆ ಕಾಗದಪತ್ರದಲ್ಲಿ ಮಾತ್ರ ಮಾಲೀಕನಾಗಿ ಉಳಿದಿರುವ ಹಂಪಣ್ಣನ ಸಾಷ್ಟಾಂಗ ನಮಸ್ಕಾರಗಳು. ತಾವು ಎದ್ದು, ಮೈಮುರಿದು, ಮತ್ತೆ ಮಲಗುವುದರೊಳಗೆ ಈ ಪತ್ರಕ್ಕೆ ಒಂದು ಕಿವಿ ಕೊಡಬೇಕು. ಊರವರಿಗೂ ನನ್ನ ಪಾಡು ತಿಳಿಯಲೆಂದು ಇದನ್ನು ಅಂಗಡಿ ಬಾಗಿಲಿಗೇ ಅಂಟಿಸಿದ್ದೇನೆ.

ಮಾನ್ಯರೇ, ಮುಂದಿನ ತಿಂಗಳು ಮಗಳು ಜ್ಯೋತಿ ಮೂರು ತಿಂಗಳ ಕೂಸಿನೊಂದಿಗೆ ಯಾದಗಿರಿಯಿಂದ ಬರುವವಳಿದ್ದಾಳೆ. ಬೆಕ್ಕಿಗೆ ರೇಬಿಸ್ ಸೂಜಿ ಆಗಿ, ಜಂತಿನ ಔಷಧಿ ಹೊಟ್ಟೆಗೆ ಬೀಳದ ಹೊರತು ಅದು ಅಂಗಡಿಯ ಹಿಂದಿರುವ ನಮ್ಮ ಮನೆಯ ಹೊಸ್ತಿಲು ದಾಟಕೂಡದು, ಆಗದಿದ್ದರೆ ನಾರಾಯಣಪುರದ ತನ್ನ ತಮ್ಮನ ಮನೆಗೆ ಕಳಿಸುತ್ತೇನೆಂದು ನನ್ನ ಮನೆಯಾಕೆ ಶಾಂತಾದೇವಿ ಹುಕುಂ ಹೊರಡಿಸಿದಳು. ತಾವು ಬಂದಂದಿನಿಂದ ಒಂದು ತೊಗರಿ ಬೀಜದ ಚೀಲಕ್ಕೂ ಇಲಿ ಬಾಯಿ ಹಾಕಿಲ್ಲವೆಂದು ನಾನು ವಾದಿಸಿದೆ. ಖರೆ ಹೇಳಬೇಕೆಂದರೆ ಇಲಿ ಒಂದು ನೆಪ. ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ತಾವಿಲ್ಲದೆ ಆ ಅಂಗಡಿಯಲ್ಲಿ ಕೂರುವುದು ನನ್ನಿಂದಾಗದು.

ಹೀಗಾಗಿ ತಮ್ಮ ಘನತೆಗೆ ತಕ್ಕ ಡಾಕ್ಟರನ್ನು ಹುಡುಕಲು ಹೊರಟೆ. ಯಾದಗಿರಿಯ ಒಬ್ಬರ ಬೋರ್ಡು ನನ್ನ ಅಂಗಡಿಗಿಂತ ದೊಡ್ಡದಿತ್ತು, ಮೆಚ್ಚಿಬಿಟ್ಟೆ. ತಾವಾದರೋ ಬುಟ್ಟಿಯ ಮುಚ್ಚಳ ಹಾರಿಸಿ ಪರದೆಯ ಸರಳಿನ ಮೇಲೆ ಒಂದು ತಾಸು ದರ್ಬಾರು ನಡೆಸಿದಿರಿ, ಅವರು ಸಾವುಕಾರರ ಮನಸ್ಸು ಶಾಂತವಾದ ಮೇಲೆ ಬನ್ನಿ ಎಂದು ಕೈ ಮುಗಿದರು. ಶಹಾಪುರದಲ್ಲಿ ಒಬ್ಬರು ತಮ್ಮನ್ನು ಮುಟ್ಟದೆ, ತೂಗದೆ, ಬಾಗಿಲಲ್ಲೇ ನೋಡಿ ಮೇಕೆಗೆ ಕೊಡುವ ಔಷಧಿಯ ಬಾಟ್ಲಿ ಎತ್ತಿದಾಗ ನಾನೇ ತಮ್ಮನ್ನು ಎತ್ತಿಕೊಂಡು ಬಸ್ಸು ಹಿಡಿದೆ.

ಅಷ್ಟರಲ್ಲಿ ಊರ ಹೊರಗೆ ನಮ್ಮ ಕುರಿಗಾರ ಬೀರಣ್ಣನ ಹಟ್ಟಿಯಲ್ಲಿ ಕುರಿಗಳಿಗೆ ಸೂಜಿ ಹಾಕುವ ಕ್ಯಾಂಪು ಬಂತು. ಬೆಕ್ಕಿನ ಸೂಜಿಯನ್ನೂ ತರುತ್ತೇವೆಂದು ಕ್ಯಾಂಪಿನವರು ಒಪ್ಪಿದ್ದರು. ಉಳ್ಳಾಗಡ್ಡಿ ಜಾಳಿಗೆ ಚೀಲದಲ್ಲಿ ತಮ್ಮನ್ನು ಕೂರಿಸಿ, ಅರವತ್ತು ಕುರಿಗಳ ಹಿಂದೆ ನಾನೂ ಪಾಳಿ ನಿಂತೆ. ಸೂಜಿಯಾದ ಕುರಿಯ ಬೆನ್ನಿಗೆ ಕೆಂಪು ಬಣ್ಣ ಹಚ್ಚುವುದು ಅಲ್ಲಿಯ ರೂಢಿ, ಒಂದಕ್ಕೇ ಎರಡು ಸಲ ಆಗಬಾರದೆಂದು. ಅಂದು ಬಿಸಿಲೇರಿತೆಂದು ಬಣ್ಣದವನು ಅವಸರಪಟ್ಟು, ಪಾಳಿಯಲ್ಲಿದ್ದವರಿಗೆಲ್ಲ, ಜಾಳಿಗೆಯ ಸಂದಿನಿಂದ ತಮಗೂ, ಮೊದಲೇ ಹಚ್ಚಿಬಿಟ್ಟ. ಬಣ್ಣ ಹಚ್ಚಿಸಿಕೊಳ್ಳುವವರೆಗೆ ಸಾಧುವಿನಂತಿದ್ದ ತಾವು, ಸೂಜಿ ಕಂಡೊಡನೆ ಚೀಲ ಹರಿದು ಕುರಿಗಳ ಕಾಲೊಳಗೆ ಮಾಯವಾದಿರಿ!

ನಾನು ಮನೆ ಮುಟ್ಟುವ ಹೊತ್ತಿಗೆ ತಾವು ಆಗಲೇ ಒಳಗಿದ್ದಿರಿ. ಕೆಂಪು ಬೆನ್ನು ನೋಡಿ ಶಾಂತಾದೇವಿ ಸೂಜಿ, ಔಷಧಿ ಎರಡೂ ಆದವೆಂದು ತಿಳಿದು, ಹಾಲು ಹಾಕಿ, ಕೂಸಿಗೆಂದು ತೊಳೆದಿಟ್ಟ ತೊಟ್ಟಿಲ ಪಕ್ಕದಲ್ಲೇ ಜಾಗ ಕೊಟ್ಟಿದ್ದಳು. ನಾನು ಬಾಯಿ ಬಿಡಲಿಲ್ಲ. ನಾಲ್ಕು ದಿನ ತಾವು ಸುಖವಾಗಿ ಮಲಗಿದಿರಿ, ನಾನು ತೊಟ್ಟಿಲು ಕಂಡಾಗೆಲ್ಲ ಒದ್ದಾಡಿದೆ. ಹೇಳಿದರೆ ತಾವು ಹೋಗುತ್ತೀರಿ, ಹೇಳದಿದ್ದರೆ ಕೂಸಿಗೇನಾದರೂ ಆದೀತು. ಈ ವಿಷಯದಲ್ಲಿ ತಪ್ಪು ಪೂರಾ ನನ್ನದು.

ಕೊನೆಗೆ ಬೀರಣ್ಣನ ಮುಂದೆ ಎಲ್ಲ ಕಕ್ಕಿದೆ. ಡಾಕ್ಟರನ್ನು ಆರಿಸಲು ಅವನು ಬೋರ್ಡು ನೋಡುವುದಿಲ್ಲ, ಅವರು ಕೈ ತೊಳೆದು ಹೊರಟ ಮೇಲೆ ಕುರಿಗಳ ಕಡೆ ನೋಡುತ್ತಾನೆ. ಕೆಲವರು ಬಂದು ಹೋದರೆ ಕುರಿ ಸಂಜೆಯತನಕ ಮೇವಿಗೆ ಬಾಯಿ ಹಾಕುವುದಿಲ್ಲವಂತೆ. ಸುರಪುರದ ಡಾಕ್ಟರ್ ಚಂದ್ರಕಲಾ ಬಾಯಿಯವರು ಗಾಡಿ ಹತ್ತುವ ಮೊದಲೇ ಕುರಿಗಳು ಮೇಯತೊಡಗುತ್ತವಂತೆ. ಅವರನ್ನೇ ಕರೆಸಿದೆ. ಆ ಬಾಯಿಯವರು ನೆಲದ ಮೇಲೆ ಕುಳಿತು, ತಮ್ಮ ಕಡೆ ನೋಡದೇ ಚಹಾ ಕುಡಿದು, ತಾವಾಗಿಯೇ ಬಂದು ಮೂಸಿದಾಗ ಟವೆಲ್ಲಿನಲ್ಲಿ ಸುತ್ತಿ, ತಮಗೆ ಅರಿವಾಗುವುದರೊಳಗೆ ಸೂಜಿ ಹಾಕಿ, ಜಂತಿನ ಔಷಧಿಯನ್ನೂ ಕುಡಿಸಿಬಿಟ್ಟರು. ಯಾರೂ ಹಿಡಿಯಬೇಡಿರೆಂದು ಅವರು ಮೊದಲೇ ಹೇಳಿದ್ದರೂ ನಾನು ಮಮತೆ ತಡೆಯದೆ ಕೈ ಹಾಕಿದೆ. ತಾವು ಮೊಣಕೈತನಕ ರಕ್ತದ ಗೆರೆ ಎಳೆದು ಅದನ್ನು ಗೌರವಿಸಿದಿರಿ.

ಗೀರು ನೋಡಿ, ಬೆಕ್ಕಿಗೆ ಇದಕ್ಕೂ ಮೊದಲು ಸೂಜಿ ಆಗಿತ್ತೇ ಎಂದು ಡಾಕ್ಟರು ಕೇಳಿದರು. ಶಾಂತಾದೇವಿ ಪಕ್ಕದಲ್ಲೇ ನಿಂತಿದ್ದಳು. ಇಲ್ಲವೆಂದೆ. ಅವಳು ಕೆಂಪು ಬೆನ್ನನ್ನೂ ನನ್ನ ಮುಖವನ್ನೂ ನೋಡಿ, "ಬೆಕ್ಕಿಗಿ ತಿಳಿಯಂಗಿಲ್ಲ, ಖರೆ. ನಿಮಗರ ತಿಳೀಬ್ಯಾಡೇನ್ರಿ?" ಅಂದಳು.

ಆದ್ದರಿಂದ ತಮ್ಮಲ್ಲಿ ಬೇಡಿಕೆಗಳೇನೆಂದರೆ, ಮೂರು ತಿಂಗಳಿಗೊಮ್ಮೆ ಜಂತಿನ ಔಷಧಿಯ ದಿನ ತಾವೇ ಕ್ಯಾಲೆಂಡರ್ ನೋಡಿ ಬಾಯಿ ತೆರೆದು ಕೂರಬೇಕು. ಬರುವ ವರ್ಷ ಸೂಜಿಯ ದಿನ ಪರಾರಿಯಾಗುವುದಿದ್ದರೆ ಹೋಗುವ ಜಾಗದ ವಿಳಾಸ ಗಲ್ಲೆಯಲ್ಲಿ ಬರೆದಿಟ್ಟು ಹೋಗಬೇಕು. ಸಂತೆಗೆ ಬಂದವರು ಈ ಕುರಿ ಯಾರ ಹಟ್ಟಿಯದು ಎಂದು ಕೇಳಿದರೆ ತಾವೇ ಜವಾಬು ಕೊಡಬೇಕು.

ತಮ್ಮ ಗಲ್ಲೆಯ ಪಕ್ಕದ ಸ್ಟೂಲಿನ ವಿಶ್ವಾಸಿ,
ಹಂಪಣ್ಣ

ತಾ.ಕ.: ಶಾಂತಾದೇವಿ ತಮ್ಮನ್ನು ನಾರಾಯಣಪುರಕ್ಕೆ ಕಳಿಸುವ ಮಾತು ಕೈಬಿಟ್ಟಿದ್ದಾಳೆ, ಅಭಿನಂದನೆಗಳು. ಗೀರಿನ ಸಲುವಾಗಿ ದವಾಖಾನೆಯಲ್ಲಿ ನನಗೆ ಎರಡು ಸೂಜಿ ಆಗಿವೆ; ಉಳಿದವು ಮುಗಿಯದ ಹೊರತು ಕೂಸನ್ನು ಎತ್ತಿಕೊಳ್ಳುವಂತಿಲ್ಲವೆಂಬ ಹುಕುಂ ಈಗ ನನ್ನ ಮೇಲಿದೆ. ಮೂರನೆಯದು ನಾಳೆ. ಅಟ್ಟದ ಮೇಲೆ ಖಾಲಿ ಚೀಲಗಳ ಹಿಂದೆ ತಾವು ಅವಿತುಕೊಳ್ಳುವ ಜಾಗದಲ್ಲಿ ದಯವಿಟ್ಟು ಸ್ವಲ್ಪ ಸರಿದು ಮಲಗಬೇಕು.