ಬಸವನಹುಳು ಕೊಟ್ಟ ಜಾಮೀನು

ತಾಮ್ರದ ಕೊಡವನ್ನು ಕಲ್ಲಿನ ಮೇಲೆ ಕುಕ್ಕುವ ಸದ್ದಿಗೂ ಒಂದು ಗ್ರಾಮರ್ ಇದೆ ಎಂದು ಯಾವ ಕಾನ್ವೆಂಟಿನಲ್ಲೂ ಕಲಿಸುವುದಿಲ್ಲ. ನಾನು ಕಲಿತದ್ದು ಹುಮನಾಬಾದಿನ ಅತ್ತೆಯ ಮನೆಯಲ್ಲಿ. ಒಂದು ಸಲ ಠಣ್ ಎಂದರೆ ನೀರು ತಂದಾಯಿತು, ಅಷ್ಟೇ. ಎರಡು ಸಲ ಎಂದರೆ ಸೊಸೆ ಇನ್ನೂ ತಲೆ ಬಾಚುತ್ತಿದ್ದಾಳೆ. ಮೂರು ಸಲ ಎಂದರೆ, ಮೀನು. ಈಗ ನನಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಮನಸ್ಸು ಬಂದಾಗ ಕೇಳುತ್ತದೆ. ಆ ಮೂರನೆಯ ಠಣ್ ಮಾತ್ರ ಕ್ಲಿಯರ್ ಆಗಿ ಕೇಳಿಸುತ್ತದೆ. ಕೇಳಿಸಿದ ಕೂಡಲೇ ಬೆನ್ನು ತಾನಾಗಿ ನೆಟ್ಟಗಾಗಿ ಜಗಳಕ್ಕೆ ನಿಲ್ಲುತ್ತದೆ.

ಲಿಂಗವಂತರ ಮನೆಗೆ ಮೀನು ತಂದ ಮೊದಲ ಸೊಸೆ ನಾನೇ, ಒಪ್ಪಿಕೊಳ್ಳುತ್ತೇನೆ. ಪಶ್ಚಾತ್ತಾಪ ಆಗಲೂ ಇರಲಿಲ್ಲ, ಈಗಲೂ ಇಲ್ಲ. 1947ರಲ್ಲಿ ಮದುವೆಯಾಗಿ ಹೈದರಾಬಾದು ಬಿಡುವಾಗ, ನಮಗೆ ನೇಚರ್ ಸ್ಟಡಿ ಕಲಿಸಿದ ಸಿಸ್ಟರ್ ಆಗ್ನೆಸ್ ಒಂದು ಪೆಪ್ಪರ್‌ಮಿಂಟ್ ಭರಣಿಯಲ್ಲಿ ಅದನ್ನು ಹಾಕಿಕೊಟ್ಟರು. ಫೈಟಿಂಗ್ ಫಿಶ್. ಸೈನ್ಸಿನ ಹೆಸರು ಬೆಟ್ಟಾ. ನೀಲಿ ಮೈ, ರೇಷ್ಮೆ ಸೆರಗಿನಂಥ ಕೆಂಪು ರೆಕ್ಕೆ. ಎರಡು ಗಂಡುಗಳನ್ನು ಒಂದೇ ನೀರಿಗೆ ಬಿಟ್ಟರೆ ಒಂದೇ ಉಳಿಯುತ್ತದೆ. "ಒಂಟಿಯಾಗಿ ಬದುಕುವುದನ್ನು ಇದರಿಂದ ಕಲಿ, ಚೈಲ್ಡ್" ಎಂದರು ಸಿಸ್ಟರ್. ನಾನು ಅದರಿಂದ ಕಲಿತದ್ದು ಫೈಟಿಂಗ್ ಒಂದನ್ನೇ. ಬೀದರಿನ ತನಕ ರೈಲು, ಅಲ್ಲಿಂದ ಬಸ್ಸು. ಮದುಮಗಳ ಮಡಿಲಲ್ಲಿ ಉಡಿಯಕ್ಕಿಯ ಜೊತೆಗೆ ಆ ಭರಣಿ.

ಅತ್ತಿಯವರು ಆರತಿ ತಟ್ಟೆ ಹಿಡಿದುಕೊಂಡೇ ಕೇಳಿದರು, "ಅದೇನದು?"

"ಬೆಟ್ಟಾ ರೀ."

ಸಂತೆಯಲ್ಲಿ ಉರ್ದುವಿನಲ್ಲೇ ಚೌಕಾಶಿ ಮಾಡುವ ಅತ್ತಿಯವರ ಕಿವಿಗೆ ಅದು 'ಬೇಟಾ' ಎಂದು ಕೇಳಿಸಿತು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ: "ಹೈದ್ರಾಬಾದ್ ಸೊಸಿ ಬರೋವಾಗನ ಮಗನ್ನ ಕರ್ಕೊಂಡು ಬಂದಾಳ. ಅದೂ ಮೀನದು."

"ನಮ್ಮ ಮನ್ಯಾಗ ಇದು ಇರಂಗಿಲ್ಲ. ಬಾವ್ಯಾಗ ಬಿಡು" ಎಂದು ಅಪ್ಪಣೆಯಾಯಿತು. "ಥಂಡಿಗೆ ಸಾಯ್ತದ್ರಿ, ಬಿಡಂಗಿಲ್ಲ" ಎಂದೆ. ಆ ಮನೆಯಲ್ಲಿ ನಾನು ಆಡಿದ ಮೊದಲ ಪೂರ್ಣ ವಾಕ್ಯ ಅದು. ನಮ್ಮ ಯಜಮಾನರು ತಾಲೂಕು ಕಚೇರಿಯ ಗುಮಾಸ್ತರು. ಯಾವ ಕಡತದ ಮೇಲೂ ತಾವಾಗಿ ತೀರ್ಪು ಬರೆದವರಲ್ಲ. ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಕೊನೆಗೆ ಭರಣಿ ದನದ ಕೊಟ್ಟಿಗೆಯ ಕಿಟಕಿಗೆ ಹೋಯಿತು. ನೀರು ತಂದಾಗಲೆಲ್ಲ ಕೊಡವನ್ನು ಮೂರು ಸಲ ಕುಕ್ಕುವುದು ಶುರುವಾಯಿತು.

ವರ್ಷದೊಳಗೆ ಗಾಜಿಗೆ ಪಾಚಿ ಕಟ್ಟಿ ಮೀನೇ ಕಾಣದಾಯಿತು. ಸಿಸ್ಟರಿಗೆ ಬರೆದೆ. ಎರಡು ಸ್ನೇಲ್ ಬಿಡು, ನೆಕ್ಕಿ ಕ್ಲೀನ್ ಮಾಡುತ್ತವೆ ಎಂದು ಉತ್ತರ ಬಂತು. ಯಜಮಾನರು ಕಚೇರಿಯ ಕೆಲಸಕ್ಕೆ ಕಲ್ಯಾಣಿಗೆ, ಅಂದರೆ ಈಗಿನ ಬಸವಕಲ್ಯಾಣಕ್ಕೆ, ಹೋಗುತ್ತಿದ್ದರು. ಅಲ್ಲಿನ ತ್ರಿಪುರಾಂತ ಕೆರೆಯಿಂದ ತಂಬಿಗೆಯಲ್ಲಿ ಎರಡನ್ನು ತಂದುಕೊಟ್ಟರು. ಕದ್ದು ಬಿಡುತ್ತಿದ್ದಾಗ ಹಿಂದೆ ಅತ್ತಿಯವರು ನಿಂತಿದ್ದರು.

"ಈಗ ಇನ್ನೇನು ತಂದಿ?"

"ಸ್ನೇಲ್ ರೀ."

"ಕನ್ನಡದಾಗ ಹೇಳು."

"ಬಸವನಹುಳ."

ಅತ್ತಿಯವರ ಬಾಯಿ ತೆರೆದದ್ದು ಹಾಗೇ ಉಳಿಯಿತು. "ಎಲ್ಲಿಂದ ಬಂದ್ವು?"

"ಕಲ್ಯಾಣದಿಂದ್ರಿ."

ಬಸವನ ಹೆಸರಿನ ಹುಳ, ಅದೂ ಕಲ್ಯಾಣದಿಂದ, ತಾನಾಗಿ ನಡೆದು ಮನೆಗೆ ಬಂದಂತೆ ಅವರು ಸೆರಗು ಹೊದ್ದು ಕೈಮುಗಿದರು. ಎತ್ತಿನಂತೆ ಕೋಡು ಇರುವುದಕ್ಕೆ ಆ ಹೆಸರು ಬಂದಿರಬೇಕು ಎಂದು ವಿವರಿಸುವಷ್ಟು ಸೈನ್ಸ್ ನನಗೆ ಗೊತ್ತಿತ್ತು. ಹೇಳಲಿಲ್ಲ. ನಾಲ್ಕು ಅಂಗುಲ ನೀರಿನಲ್ಲಿ ಹುಳುವನ್ನು ಒಳಗಿಟ್ಟು ಮೀನನ್ನು ಹೊರಗಿಡುವುದು ಹೇಗೆ? ಭರಣಿ ಕೊಟ್ಟಿಗೆಯಿಂದ ಎದ್ದು ದೇವರ ಜಗಲಿಯ ಪಕ್ಕಕ್ಕೆ ಬಂತು. ಗಾಜಿಗೆ ಮೂರು ಬೆರಳಿನ ವಿಭೂತಿ. ನನ್ನ ಮೀನು ಜಾಮೀನಿನ ಮೇಲೆ ಬಿಡುಗಡೆಯಾಯಿತು.

ಹುಳುಗಳು ಎರಡಿದ್ದದ್ದು ಇಪ್ಪತ್ತಾದವು. ಅತ್ತಿಯವರು ಭರಣಿ ನೋಡಿ, ನನ್ನ ಹೊಟ್ಟೆ ನೋಡಿ, "ನಿನ್ನೆ ಮೊನ್ನೆ ಬಂದಾವ, ಹ್ಯಾಂಗ ಹಬ್ಬ್ಯಾವ ನೋಡು" ಎಂದರು. "ನನ್ನ ಹೊಟ್ಟಿ ಭರಣಿ ಅಲ್ರಿ ಅತ್ತಿ" ಎಂದೆ. ಎರಡು ದಿನ ಕೊಡವೇ ಮಾತಾಡಿತು.

ಮೂರನೆಯ ದಿನ ಅನಾಹುತವಾಯಿತು. ಪೂಜೆಗೆ ಕೂತ ಅತ್ತಿಯವರ ಕಣ್ಣೆದುರಿಗೇ ಮೀನು ಒಂದು ಹುಳುವಿನ ಕೋಡನ್ನು ಕಚ್ಚಿ ಎಳೆಯಿತು.

"ಬಸವನ ಕೋಡು ಕಡೀತದ ಇದು" ಎಂದು ಎದ್ದವರು ಮರುದಿನವೇ ಭರಣಿಯನ್ನೂ ನನ್ನನ್ನೂ ಕಲ್ಯಾಣಿಯ ಬಸ್ಸು ಹತ್ತಿಸಿ ತಾವೂ ಹತ್ತಿದರು. ತ್ರಿಪುರಾಂತದ ಮೆಟ್ಟಿಲ ಮೇಲೆ ಕೂತು ಹುಳುಗಳನ್ನು ಒಂದೊಂದಾಗಿ "ಶರಣು" ಎನ್ನುತ್ತ ನೀರಿಗೆ ಬಿಟ್ಟರು. ಆಮೇಲೆ ನನ್ನ ಕಡೆ ಕೈ ಚಾಚಿದರು.

"ಇನ್ನ ಅದನ್ನ ಕೊಡು."

"ಇಲ್ರಿ."

"ಇಲ್ಲಂದ್ರ?"

"ಲಗ್ನದಾಗ ನನ್ನ ಹೆಸರು ಬದಲಿ ಮಾಡಿದ್ರಿ, ಸುಮ್ಮಿದ್ದೆ. ನನ್ನ ಇಂಗ್ಲಿಷ್ ಬುಕ್ಕೆಲ್ಲ ಗಂಟು ಕಟ್ಟಿ ಅಟ್ಟಕ್ಕ ಹಾಕಿದ್ರಿ, ಸುಮ್ಮಿದ್ದೆ. ನಿಮ್ಮ ಮನ್ಯಾಗ ನಂದು ಅನ್ನೋದು ಇದೊಂದ ಅದ. ಇದನ್ನ ಕೆರೀಗೆ ಹಾಕೋದಾದ್ರ ನನ್ನೂ ಹಾಕ್ರಿ."

ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಅತ್ತಿಯವರು ಬಾಗಿ, ಮೊದಲ ಸಲ, ಮೀನನ್ನು ಸರಿಯಾಗಿ ದಿಟ್ಟಿಸಿದರು. ಅವರ ಮೂಗುಬೊಟ್ಟು ಬಿಸಿಲಿಗೆ ಹೊಳೆಯಿತು. ಮೀನಿಗೆ ಅದು ಇನ್ನೊಂದು ಮೀನಿನಂತೆ ಕಂಡಿತೇನೋ, ಕಿವಿರು ಅರಳಿಸಿ, ರೆಕ್ಕೆ ಹರಡಿ, ಗಾಜಿಗೆ ನುಗ್ಗಿತು. ಅತ್ತಿಯವರು ಒಂದು ಮೆಟ್ಟಿಲು ಹಿಂದಕ್ಕೆ ಸರಿದರು. ಆಮೇಲೆ ನಕ್ಕರು.

"ಥೇಟ್ ನಿನ್ನಂಗ ಅದ ಇದು. ಅನ್ನ ಹಾಕೋರ ಮ್ಯಾಲೇ ಮಾರಿ ಉಬ್ಬಸ್ತದ. ನಡಿ, ಬಸ್ ಹೋಗ್ತದ."

ಅಂದಿನಿಂದ ಭರಣಿಗೆ ಪಡಸಾಲೆಯಲ್ಲಿ ಜಾಗ. ಹುಳ ಸಾಯಬಾರದೆಂದು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಅತ್ತಿಯವರು, ದನ ನೀರು ಕುಡಿಯುವ ದೋಣಿಯಿಂದ ಸೊಳ್ಳೆಮರಿ ಹಿಡಿದು ಹಾಕುವಾಗ ಮಾತ್ರ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. "ನಾ ಏನೂ ನೋಡಿಲ್ಲ, ತಾನ ಬಿತ್ತು" ಎನ್ನುವರು. ನಾನು ಕೊಟ್ಟರೆ ಮೀನು ತಿನ್ನುತ್ತಿರಲಿಲ್ಲ ಎಂಬುದು ಅವರ ಕ್ಲೇಮ್. ದುಃಖದ ಸಂಗತಿಯೆಂದರೆ ಅದು ನಿಜವೂ ಆಗಿತ್ತು.

1950ರಲ್ಲಿ ಯಜಮಾನರಿಗೆ ಹೈದರಾಬಾದಿಗೆ ವರ್ಗವಾಯಿತು. ಹೊರಡುವ ದಿನ ನಾನು ಭರಣಿಗೆ ಕೈ ಹಾಕಿದೆ. ಅತ್ತಿಯವರು ಅದನ್ನು ಆಗಲೇ ಸೊಂಟದ ಮೇಲೆ ಕೂರಿಸಿಕೊಂಡಿದ್ದರು.

"ಬ್ಯಾಡವ್ವ, ಹೈದ್ರಾಬಾದಿನ ನೀರು ಅದಕ್ಕ ಒಗ್ಗಂಗಿಲ್ಲ."

ಅದು ಹುಟ್ಟಿದ್ದೇ ಹೈದರಾಬಾದಿನ ನೀರಿನಲ್ಲಿ. ಬಾಯಿ ತನಕ ಬಂದ ಮಾತನ್ನು, ಕೆರೆಯ ಮೆಟ್ಟಿಲ ಮೇಲೆ ಅಷ್ಟು ದೊಡ್ಡ ಭಾಷಣ ಬಿಗಿದ ನಾನು, ನುಂಗಿದೆ. ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಸಿಟ್ಟಂತೂ ಇನ್ನೂ ಇದೆ.

ಬಸ್ ಸ್ಟ್ಯಾಂಡಿಗೂ ಅವರು ಭರಣಿ ಹೊತ್ತೇ ಬಂದರು. ಬಸ್ಸು ಹೊರಟಾಗ ಕಿಟಕಿಯಿಂದ ಕೈ ಬೀಸಿದೆ. ಅತ್ತಿಯವರು ನೋಡಲಿಲ್ಲ, ಗಾಜಿಗೆ ಬಿಸಿಲು ತಾಗದಂತೆ ಸೆರಗು ಮರೆಮಾಡಿ, ಭರಣಿಯೊಳಗೆ ಏನೋ ಹೇಳುತ್ತ, ಮನೆಯ ಕಡೆ ತಿರುಗಿ ನಡೆಯುತ್ತಿದ್ದರು. ನಾನು ಅವರನ್ನು ಕಂಡದ್ದು ಅದೇ ಕೊನೆ.